ಮೂರು ಗಂಟೆಯ ಗಾಳಿ

ಬಾಗಿಲನ್ನು ಯಾರೋ ಮೂರು ಸಲ ಬಡಿದರು.

ಅಂಗೈಯಿಂದಲ್ಲ, ಬೆರಳಿನ ಗೆಣ್ಣಿನಿಂದ. ಮೊದಲೆರಡು ಬಡಿತ ಒತ್ತೊತ್ತಾಗಿ ಬಂದವು. ಮೂರನೆಯದು ತಡೆದು, ಬಡಿಯಲೋ ಬೇಡವೋ ಎಂದು ಒಂದು ಗಳಿಗೆ ಹಿಂದೆಗೆದ ಕೈಯಿಂದ ಬಂತು. ಅವನು ಹಾಸಿಗೆಯಲ್ಲಿ ಅಂಗಾತ ಬಿದ್ದುಕೊಂಡೇ ಅದನ್ನು ಅಳೆದ: ಐವತ್ತೆಂಟು, ಹೆಚ್ಚೆಂದರೆ ಅರವತ್ತು ಡೆಸಿಬೆಲ್. ಬಾಗಿಲ ಹಿಂದಿನ ಮೊಳೆಗೆ ನೇತುಹಾಕಿದ ಕೊಡೆ ಅದುರುತ್ತದೆ, ಅದಕ್ಕೊಂದೆರಡು ಕಳೆಯಬೇಕು. ಅಳತೆ ಮುಗಿದ ಮೇಲೆ ಎದ್ದು ಹೋಗಿ ಅಗಳಿ ತೆಗೆಯುವ ಕೆಲಸವೊಂದೇ ಉಳಿಯಿತು. ಅದನ್ನು ಅವನು ಮಾಡಲಿಲ್ಲ. ಹೊರಗೆ ಜಲ್ಲಿಯ ಮೇಲೆ ಹೆಜ್ಜೆಗಳು ತಿರುಗಿದವು. ಬಲಗಾಲು ಊರುತ್ತಿತ್ತು, ಎಡಗಾಲು ಎಳೆಯುತ್ತಿತ್ತು. ಹಾಗೆ ನಡೆಯುವವರು ಈ ಗುಡ್ಡದ ಮೇಲೆ ಒಬ್ಬರೇ.

“ರೀ, ಯಾರೋ ಬಾಗಿಲು ಬಡಿದ ಹಾಗಾಯ್ತಲ್ಲ?” ಪಕ್ಕದಲ್ಲಿ ಹೆಂಡತಿ ನಿದ್ದೆಯಲ್ಲೇ ಕೇಳಿದಳು.

“ಗಾಳಿ ಕಣೇ. ಮಲಕ್ಕೋ.”

ಆ ರಾತ್ರಿ ಒಂದು ಎಲೆಯೂ ಅಲುಗುತ್ತಿರಲಿಲ್ಲ.

ಬೆಳಗ್ಗೆ ಅವನು ಮುಖ ತೊಳೆದು ಬರುವಷ್ಟರಲ್ಲಿ ಹೆಂಡತಿ ಹೊಸ್ತಿಲಲ್ಲಿ ನಿಂತಿದ್ದಳು. ಅವಳ ಕೈಯಲ್ಲೊಂದು ಟಾರ್ಚ್ ಇತ್ತು. ಹಿಡಿಗೆ ಹಳೆಯ ಬಟ್ಟೆಯ ಪಟ್ಟಿ ಸುತ್ತಿದ, ಒಂದು ಕಡೆ ನೆಗ್ಗಿದ ಟಾರ್ಚ್. ಅದನ್ನು ಅವಳು ತಿರುಗಿಸಿ ತಿರುಗಿಸಿ ನೋಡಿದಳು. “ನಿಮ್ಮ ಗಾಳಿ ಕಟ್ಟೆ ಮೇಲೆ ಟಾರ್ಚ್ ಮರೆತು ಹೋಗಿದೆ,” ಎಂದಳು. ಅವನು ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡು, ಒರೆಸಿದ್ದನ್ನೇ ಮತ್ತೆ ಒರೆಸಿದ. “ಅಣ್ಣ ಬಂದಿದ್ದ. ನೀವು ಎಚ್ಚರ ಇದ್ದಿರಿ. ಅವನು ಬಾಗಿಲು ಬಡಿದು ವಾಪಸ್ ಹೋದ. ನನ್ನ ಒಡಹುಟ್ಟಿದವನು ನನ್ನ ಮನೆ ಬಾಗಿಲಿಂದ ವಾಪಸ್ ಹೋದ.” ಅವಳು ಟಾರ್ಚನ್ನು ಮೇಜಿನ ಮೇಲೆ ಅವನ ಚಹಾದ ಲೋಟದ ಪಕ್ಕಕ್ಕೆ, ಅದೂ ಬಡಿಸಿದ ತಿಂಡಿಯೆಂಬಂತೆ, ಇಟ್ಟಳು. “ಊರಿಗೆಲ್ಲ ಕಿವಿಯಣ್ಣ, ಮನೆಗೆ ಮಾತ್ರ ಕಿವುಡಣ್ಣ.”

ಕಿವಿಯಣ್ಣ ಎಂಬುದು ಊರು ಇಟ್ಟ ಹೆಸರು. ಕಚೇರಿಯ ಕಾಗದದಲ್ಲಿ ಅವನು ಧ್ವನಿ ಮಾಪನ ಸಹಾಯಕ. ಅಣೆಕಟ್ಟಿನ ಗೇಟು ತೆಗೆಯುವ ಮೊದಲು ಕೂಗುವ ಸೈರನ್ನು, ಎಂಟುನೂರು ಮೀಟರ್ ಕೆಳಗೆ ಹೊಳೆಯ ನಡುವಿನ ಮರಳುದಿಬ್ಬದಲ್ಲಿ ಕೇಳಿಸುತ್ತದೆಯೋ ಇಲ್ಲವೋ ಎಂದು ತಿಂಗಳಿಗೊಮ್ಮೆ ಅಲ್ಲಿ ನಿಂತು ಕೇಳಿ, ಮೀಟರಿನ ಮುಳ್ಳು ತೋರಿಸಿದ ಅಂಕಿಯನ್ನು ದಾಖಲೆ ಪುಸ್ತಕದಲ್ಲಿ ಬರೆಯುವುದು ಅವನ ಕೆಲಸ. ಬಟ್ಟೆ ಒಗೆಯುವವರು, ಬಲೆ ಬೀಸುವವರು, ಈಜುವ ಮಕ್ಕಳು ಎಲ್ಲರೂ ಸೇರುವ ದಿಬ್ಬ ಅದು. ಅಲ್ಲಿ ಕೇಳಿಸಿದರೆ ಎಲ್ಲ ಕಡೆಯೂ ಕೇಳಿಸಿದಂತೆ ಎಂದು ಲೆಕ್ಕ. ಮೇಲೆ ಗೇಟಿನ ಕೋಣೆಯಲ್ಲಿ ಸೈರನ್ನಿನ ಗುಂಡಿ ಒತ್ತುವವರು ಹೆಂಡತಿಯ ಅಣ್ಣ, ಅವನ ಭಾವ. ಒಬ್ಬ ಕೂಗಿಸುವವನು, ಒಬ್ಬ ಕೇಳುವವನು. ಹದಿನಾಲ್ಕು ವರ್ಷ ಈ ಸಂಬಂಧ ಮದುವೆಯ ಸಂಬಂಧಕ್ಕಿಂತ ಗಟ್ಟಿಯಾಗಿತ್ತು, ಏಕೆಂದರೆ ಅದರ ನಡುವೆ ಎಂಟುನೂರು ಮೀಟರ್ ಅಂತರವಿತ್ತು.

ಹತ್ತು ದಿನಗಳ ಹಿಂದೆ ಅದು ಮುರಿಯಿತು. ಮೇಲ್ಭಾಗದಲ್ಲೆಲ್ಲೋ ಸುರಿದ ಮಳೆಯ ನೀರು ಒಮ್ಮೆಲೇ ನುಗ್ಗಿ ಬಂದು, ಸಾಮಾನ್ಯವಾಗಿ ಬೆಳಗಿನ ಜಾವ ತೆಗೆಯುವ ಗೇಟನ್ನು ಆ ದಿನ ಮಧ್ಯಾಹ್ನ ಮೂರಕ್ಕೆ ತೆಗೆಯಬೇಕಾಯಿತು. ದಿಬ್ಬದ ಮೇಲೆ ಒಬ್ಬನೇ ಇದ್ದ, ಊರವರೆಲ್ಲ ಬಲೆಯವನು ಎನ್ನುವ ಆಳು. ನೀರು ಅವನನ್ನು ಹೊತ್ತೊಯ್ದು ಹಳೆಯ ಸೇತುವೆಯ ಕಂಬಕ್ಕೆ ಒಗೆಯಿತು. ಜೀವ ಉಳಿಯಿತು, ತೊಡೆಯ ಮೂಳೆ ಉಳಿಯಲಿಲ್ಲ. ಸೈರನ್ ಕೂಗಲೇ ಇಲ್ಲ ಎಂದು ಬಲೆಯವನು ಹೇಳಿದ. ಒಂದೂವರೆ ನಿಮಿಷ ಕೂಗಿಸಿದೆ, ಹತ್ತು ನಿಮಿಷ ಕಾದೆ, ಆಮೇಲೆ ಗೇಟು ಎಂದು ಭಾವ ಹೇಳಿದರು. ಗುಡ್ಡದ ಮೇಲಿನ ಸಿಬ್ಬಂದಿಯ ಮನೆಗಳಲ್ಲಿ ಎಲ್ಲರಿಗೂ ಕೇಳಿಸಿತ್ತು. ಹೊಳೆಯಂಚಿನ ಮನೆಗಳಲ್ಲಿ ಯಾರಿಗೂ ಕೇಳಿಸಿರಲಿಲ್ಲ. ಮೇಲಿನವರು ಮೇಲಿನವರ ಪರ, ಕೆಳಗಿನವರು ಕೆಳಗಿನವರ ಪರ ಎಂದು ಕಚೇರಿ ಅದನ್ನು ಮೂಲೆಗೆ ತಳ್ಳಿತು. ಉಳಿದದ್ದು ಒಂದೇ ಪ್ರಶ್ನೆ, ಸುಳ್ಳು ಹೇಳುತ್ತಿರುವವನು ಯಾರು? ಸೈರನ್ ಕೂಗಿಲ್ಲವಾದರೆ ಭಾವನ ಕೆಲಸ ಹೋಗುತ್ತದೆ. ಕೂಗಿತ್ತಾದರೆ, ಎಚ್ಚರಿಕೆ ಕೇಳಿಯೂ ದಿಬ್ಬ ಬಿಡದ ತಪ್ಪಿಗೆ ಬಲೆಯವನ ಬಲೆ ಬೀಸುವ ಪರವಾನಗಿ ರದ್ದಾಗುತ್ತದೆ. ಶುಕ್ರವಾರ ವಿಚಾರಣೆ. ಈ ಇಬ್ಬರನ್ನೂ ಎದುರುಬದುರು ಕಟ್ಟಿಹಾಕಿದ ಹಗ್ಗ ಮಾತ್ರ ಕೇಳುವವನ ಮೇಜಿನ ಎರಡನೆಯ ಡ್ರಾಯರಿನಲ್ಲಿ, ದಾಖಲೆ ಪುಸ್ತಕವಾಗಿ, ನೀಲಿ ರಟ್ಟಿನ ಹೊದಿಕೆಯೊಳಗೆ ತಣ್ಣಗೆ ಮಲಗಿತ್ತು. ನೂರಾ ಅರವತ್ತೆಂಟು ತಿಂಗಳು, ನೂರಾ ಅರವತ್ತೆಂಟು ಸಾಲು. ಮೊದಲನೆಯದೊಂದನ್ನು ಬಿಟ್ಟು ಪ್ರತಿ ಸಾಲಿನಲ್ಲೂ ಸ್ಥಳ ಮರಳುದಿಬ್ಬ, ಸಮಯ ಮಧ್ಯಾಹ್ನ ಮೂರು, ಮಟ್ಟ ಎಪ್ಪತ್ತನಾಲ್ಕು, ಷರಾ, ಸ್ಪಷ್ಟವಾಗಿ ಕೇಳಿಸಿತು. ಇಷ್ಟು ಸ್ಪಷ್ಟವಾಗಿ ಕೇಳಿಸುವುದು ಅವತ್ತು ಮಾತ್ರ ಹೇಗೆ ಕೇಳಿಸದೆ ಹೋಯಿತು?

ಅದೇ ದಿನ, ಬುಧವಾರ, ಅವನು ಕಚೇರಿಯಲ್ಲಿ ಆ ಪುಸ್ತಕವನ್ನು ತೆರೆದು ಕೂತ. ಅಕ್ಷರಗಳು ದುಂಡಗಿದ್ದವು, ಒಂದು ಕಡೆಯೂ ತಿದ್ದಿರಲಿಲ್ಲ. ತಿದ್ದು ಇಲ್ಲದ ಪುಸ್ತಕ ಮನುಷ್ಯ ಬರೆದದ್ದಲ್ಲ ಎಂದು ಅವನಿಗೆ ಮೊದಲ ಸಲ ಅನಿಸಿತು. ಫ್ಯಾನಿನ ಗಾಳಿಗೆ ಹಾಳೆಗಳು ಹಿಂದುಹಿಂದಕ್ಕೆ ಮಗುಚಿ, ತಾನಾಗಿಯೇ ಮೊದಲ ಪುಟಕ್ಕೆ ಬಂದು ನಿಂತವು. ಅಲ್ಲಿ ಒಂದೇ ಒಂದು ಸಾಲಿಗೆ ಕೆಂಪು ಶಾಯಿಯ ಗೆರೆ. ಅವನು ಕೆಲಸಕ್ಕೆ ಸೇರಿದ ಮೊದಲ ತಿಂಗಳದು. ನಿಯಮದಂತೆ ಮಧ್ಯಾಹ್ನ ಮೂರಕ್ಕೇ ದಿಬ್ಬಕ್ಕೆ ಹೋಗಿದ್ದ. ಸೈರನ್ ಎಲ್ಲೋ ಇದೆ, ಇಲ್ಲ, ಇದೆ. ಮುಳ್ಳು ಮೂವತ್ತೆಂಟಕ್ಕೆ ಬೀಳುತ್ತದೆ, ಎಪ್ಪತ್ತಕ್ಕೆ ಹಾರುತ್ತದೆ, ಮತ್ತೆ ನಲವತ್ತಕ್ಕೆ ಕುಸಿಯುತ್ತದೆ. ಇಪ್ಪತ್ತನಾಲ್ಕು ವರ್ಷದ ಹುಡುಗತನದ ಪ್ರಾಮಾಣಿಕತೆಯಲ್ಲಿ ಅವನು ಕಂಡದ್ದನ್ನು ಬರೆದಿದ್ದ: ಮೂವತ್ತೆಂಟರಿಂದ ಎಪ್ಪತ್ತು, ಮುಳ್ಳು ಕುಣಿಯುತ್ತಿದೆ. ಆಗಿನ ಸಾಹೇಬರು ತಿಂಗಳ ಸಭೆಯಲ್ಲಿ ಪುಸ್ತಕವನ್ನು ಎತ್ತಿ ಹಿಡಿದು ಎಲ್ಲರೆದುರು ಓದಿದರು. “ಕುಣಿಯುತ್ತಿದೆಯಂತೆ! ಗೆಜ್ಜೆ ಕಟ್ಟಿ ಕಳಿಸೋಣವೇನಯ್ಯಾ ಮುಂದಿನ ತಿಂಗಳು? ಚೌಕ ಇರೋದು ಒಂದೇ. ಒಂದು ಅಂಕಿ ಬರಿ.” ಮೂವತ್ತು ಜನ ನಕ್ಕರು. ಆ ನಗೆಯ ಮಟ್ಟವನ್ನೂ ಅವನು ಅಳೆದಿದ್ದ: ಎಂಬತ್ತೆರಡು, ಒಂದಿಷ್ಟೂ ಏರಿಳಿಯದೆ. ಭಾವ ಮಾತ್ರ ನಕ್ಕಿರಲಿಲ್ಲ. ಆಗಿನ್ನೂ ಅವರು ಭಾವ ಆಗಿರಲಿಲ್ಲ.

ಮುಂದಿನ ತಿಂಗಳು ಅವನು ಬೆಳಗಿನ ಆರಕ್ಕೆ ಹೋದ. “ಆರಕ್ಕೆ ಒತ್ತುತ್ತೀರಾ?” ಎಂದು ಸೈರನ್ನಿನವರನ್ನು ಕೇಳಿದ್ದಕ್ಕೆ ಅವರು, “ಅದಕ್ಕೇನು, ನಾನು ಎದ್ದೇ ಇರ್ತೀನಿ. ನಿಮ್ಮ ಮುಳ್ಳು ಮಲಗಲಿ ಸಾಕು,” ಎಂದಿದ್ದರು. ಮುಳ್ಳು ಮಲಗಿತು. ನೀರಿನ ಮೇಲೆ ತಣ್ಣನೆಯ ಹಬೆ, ಮರಳು ಇಬ್ಬನಿಗೆ ಕಪ್ಪಾಗಿತ್ತು, ಗೇಟಿನ ಕೋಣೆಯ ದೀಪ ಕೈಗೆಟುಕುವಂತಿತ್ತು. ಸೈರನ್ ಪಕ್ಕದ ಮನೆಯಿಂದ ಎಂಬಂತೆ ಬಂದು, ಬಂದಲ್ಲೇ ನಿಂತು, ಎಪ್ಪತ್ತನಾಲ್ಕನ್ನು ತೋರಿಸಿ, ಅಲ್ಲಾಡದೆ ಹೋಯಿತು. ಅವನು ಚೌಕದಲ್ಲಿ ಒಂದೇ ಅಂಕಿ ಬರೆದ. ಆಮೇಲೆ ಸಮಯದ ಚೌಕ ಬಂತು. ನಿಯಮ ಮೂರು ಎನ್ನುತ್ತಿತ್ತು. ಅವನು ಮೂರು ಎಂದು ಬರೆದ. ಅಷ್ಟೇ. ಅದರ ಮುಂದಿನ ತಿಂಗಳು ಅದು ಸುಳ್ಳು ಅನಿಸಲಿಲ್ಲ, ಅದರ ಮುಂದಿನ ತಿಂಗಳು ಅದು ರೂಢಿ. ವಿಚಿತ್ರವೆಂದರೆ ಇದೇನೂ ಗುಟ್ಟಾಗಿರಲಿಲ್ಲ. ತಿಂಗಳ ಮೊದಲ ಸೋಮವಾರ ಬೆಳಗ್ಗೆ ಆರಕ್ಕೆ ಸೈರನ್ ಎಂದು ಊರಿಗೆ ಊರೇ ಗೊತ್ತು. ಅದನ್ನು ಕೇಳಿ ಗಡಿಯಾರ ತಿದ್ದಿಕೊಳ್ಳುವವರಿದ್ದರು. ಗೊತ್ತಿಲ್ಲದೆ ಇದ್ದದ್ದು ಪುಸ್ತಕಕ್ಕೆ, ಮತ್ತು ಪುಸ್ತಕವನ್ನು ಮಾತ್ರ ಓದುವ ದೂರದ ಮೇಲಧಿಕಾರಿಗಳಿಗೆ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಳ್ಳುವವನಂತೆ ಅವನು ಪುಸ್ತಕ ಮುಚ್ಚಿ ಸುತ್ತ ನೋಡಿದ. ಟೈಪಿಸ್ಟ್ ಕಿವಿಗೆ ಕಡ್ಡಿ ಹಾಕಿಕೊಂಡು ಕಣ್ಣು ಮುಚ್ಚಿದ್ದಳು. ಯಾರೂ ಏನೂ ಹೇಳಿರಲಿಲ್ಲ. ಆದರೆ ಕಿಟಕಿಯಾಚೆ, ಅಂಗಳದಲ್ಲಿ ನಿಂತ ಲಾರಿಯ ಬಾನೆಟ್ಟಿನ ಮೇಲೆ ಗಾಳಿ ನೀರಿನಂತೆ ನಡುಗುತ್ತಿತ್ತು, ಅದರ ಹಿಂದಿನ ಗೋಡೆಯ ಇಟ್ಟಿಗೆಗಳು ಒಂದರೊಳಗೊಂದು ಕರಗಿ ಮತ್ತೆ ಬೇರೆಯಾಗುತ್ತಿದ್ದವು. ಅವನು ಇದನ್ನು ಸಾವಿರ ಸಲ ನೋಡಿದ್ದ. ಈಗ ಮಾತ್ರ ಒಂದು ಪ್ರಶ್ನೆ, ಚಪ್ಪಲಿಯೊಳಗೆ ಸೇರಿದ ಹರಳಿನಂತೆ, ಚುಚ್ಚಿತು. ಕಣ್ಣಿಗೆ ಕುಣಿಯುವ ಗಾಳಿ ಕಿವಿಗೂ ಕುಣಿಯುತ್ತದೆಯೇ?

ಗುರುವಾರ ಎರಡೂವರೆಗೆ ಅವನು ಭಾವನ ಮನೆಗೆ ಹೋದ. ಟಾರ್ಚನ್ನು ಕೊಟ್ಟ. ಭಾವ ಅದನ್ನು ತೆಗೆದುಕೊಂಡು, ಹಗಲಲ್ಲೇ ಒಂದು ಸಲ ಹೊತ್ತಿಸಿ ಆರಿಸಿ, ಜೇಬಿಗೆ ಹಾಕಿಕೊಂಡರು. “ದಿಬ್ಬಕ್ಕೆ ಬನ್ನಿ, ಭಾವ,” ಎಂದ. “ಗೇಟಿನ ಕೋಣೆಗೆ ಹೇಳಿದ್ದೀನಿ. ಮೂರಕ್ಕೆ ಬದಲಿ ಆಳು ಸೈರನ್ ಒತ್ತುತ್ತಾನೆ, ಗೇಟು ಮುಟ್ಟಲ್ಲ. ನಾವು ಕೇಳೋಣ.” ಭಾವ ಚಪ್ಪಲಿ ಮೆಟ್ಟಿದರು. “ಹತ್ತೊಂಬತ್ತು ವರ್ಷ ಒತ್ತಿದ್ದೀನಿ. ಹತ್ತಿ ತುರುಕಿಕೊಂಡು, ಮೇಲೆ ಕೈ ಮುಚ್ಚಿಕೊಂಡು. ಕೆಳಗೆ ನಿಂತು ಕೇಳಿದವನಲ್ಲ.” ಅಡುಗೆ ಮಾಡಿದವಳು ಉಂಡು ನೋಡದ ಹಾಗೆ, ಎಂದು ಸೇರಿಸಿದರು. ದಾರಿಯುದ್ದಕ್ಕೂ ಅವರ ಎಡಗಾಲು ಮಣ್ಣಿನಲ್ಲಿ ಗೆರೆ ಎಳೆಯುತ್ತ ಬಂತು.

ದಿಬ್ಬ ಕಾದ ಹೆಂಚಾಗಿತ್ತು. ಚಪ್ಪಲಿಯ ಅಟ್ಟೆಯ ಮೂಲಕವೂ ಬಿಸಿ ಏರುತ್ತಿತ್ತು. ಹೊಳೆಯಗುಂಟ ಅಣೆಕಟ್ಟಿನ ಕಡೆಗೆ, ಎಂದರೆ ಶಬ್ದ ಬರಬೇಕಾದ ದಿಕ್ಕಿಗೆ ಎದುರಾಗಿ, ಗಾಳಿ ಬಿಟ್ಟುಬಿಟ್ಟು ಬೀಸುತ್ತಿತ್ತು. ಎಂಟುನೂರು ಮೀಟರ್ ಆಚೆ ಗೇಟಿನ ಕೋಣೆ ಒಂದು ಕಡೆ ನಿಲ್ಲದೆ ತೇಲುತ್ತಿತ್ತು. ಅದರ ಬಿಳಿಗೋಡೆ ಉದ್ದವಾಗಿ, ಮೋಟಾಗಿ, ನಡುವೆ ಕತ್ತರಿಸಿಹೋಗಿ ಮತ್ತೆ ಕೂಡಿಕೊಳ್ಳುತ್ತಿತ್ತು. ಅವನು ಒಂದು ಹಿಡಿ ಒಣಹುಲ್ಲನ್ನು ಹರಿದು ತೂರಿದ. ಹುಲ್ಲು ಕೆಳಗೆ ಬೀಳುವ ಬದಲು ಒಂದು ಕ್ಷಣ ಎದೆಮಟ್ಟದಲ್ಲಿ ತಡೆದು, ಸುತ್ತಿ, ಎರಡು ಗುಂಪಾಗಿ ಬೇರೆಬೇರೆ ದಿಕ್ಕಿಗೆ ಹೋಯಿತು. ಮೀಟರನ್ನು ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಅದರ ತಲೆಗೆ ಸ್ಪಂಜಿನ ಟೋಪಿ ತೊಡಿಸಿ, ಕೈಗಡಿಯಾರ ನೋಡಿದ. ಮೂರು.

ಏನೂ ಇಲ್ಲ. ಹೊಳೆಯ ಸದ್ದು, ದೂರದಲ್ಲಿ ಬಟ್ಟೆ ಕುಕ್ಕುವ ಸದ್ದು. ಹತ್ತು ಸೆಕೆಂಡು, ಇಪ್ಪತ್ತು. ಭಾವ ಮೊದಲು ಗೇಟಿನ ಕಡೆ ನೋಡಿದರು, ಆಮೇಲೆ ಅವನ ಕಡೆ, ಆಮೇಲೆ ಮತ್ತೆ ಗೇಟಿನ ಕಡೆ.

“ಒತ್ತೇ ಇಲ್ಲ ಆ ಸೋಮಾರಿ! ಕೂತು ಬೀಡಿ ಸೇದ್ತಿದ್ದಾನೆ. ಇಂಥವನ ಕೈಗೆ ಗುಂಡಿ ಕೊಟ್ಟರೆ...”

ಮಾತು ಅಲ್ಲಿಗೇ ನಿಂತಿತು. ಹನ್ನೊಂದು ದಿನದಿಂದ ಊರು ತನ್ನ ಬಗ್ಗೆ ಆಡಿದ ಮಾತನ್ನೇ ತಾನು ಆಡುತ್ತಿದ್ದೇನೆಂದು ಅವರಿಗೆ ತಿಳಿಯಿತು. ಅದೇ ಕ್ಷಣ, ಯಾರೋ ದೊಡ್ಡ ಸಭೆಯ ಬಾಗಿಲು ತೆರೆದು ಫಕ್ಕನೆ ಮುಚ್ಚಿದಂತೆ, ಸೈರನ್ನಿನ ಒಂದು ತುಂಡು ದಿಬ್ಬದ ಮೇಲೆ ಬಿತ್ತು. ಮುಳ್ಳು ನಲವತ್ತರಿಂದ ಅರವತ್ತಾರಕ್ಕೆ ಹಾರಿ ಮತ್ತೆ ನಲವತ್ತೊಂದಕ್ಕೆ ಇಳಿಯಿತು. ಒಂದು ಸೆಕೆಂಡು ಇರಬಹುದು. ಅದು ಸೈರನ್ ಎಂದು ಗೊತ್ತಿದ್ದವನಿಗೆ ಸೈರನ್. ಗೊತ್ತಿಲ್ಲದವನಿಗೆ ಒಂದು ಹಕ್ಕಿ, ಒಂದು ಬಂಡಿಯ ಅಚ್ಚು, ಏನೂ ಅಲ್ಲದ್ದು.

ಅವನು ಮನೆಗೆ ಫೋನ್ ಮಾಡಿದ. “ಕೇಳಿಸ್ತಿದೆಯಾ?” ಗುಡ್ಡದ ಮೇಲೆ, ಎರಡು ಕಿಲೋಮೀಟರ್ ಆಚೆ ಹೆಂಡತಿ ಕೂಗಿ ಹೇಳಬೇಕಾಯಿತು. “ಕೇಳಿಸದೆ ಏನು! ಪಾತ್ರೆ ಎಲ್ಲ ಅದುರ್ತಿವೆ. ಯಾಕೆ, ನಿಮಗೆ ಕೇಳಿಸ್ತಿಲ್ವಾ? ಅಲ್ಲೇ ಅದರ ಬುಡದಲ್ಲಿ ನಿಂತಿದ್ದೀರಲ್ಲ?” ಅವಳ ಮಾತಿನ ಹಿಂದೆ, ಫೋನಿನೊಳಗಿಂದ, ಸೈರನ್ ಪೂರ್ತಿಯಾಗಿ, ಒಂದೇ ಎಳೆಯಾಗಿ ಕೇಳುತ್ತಿತ್ತು. ತನ್ನ ಎದುರಿನ ಸೈರನ್ನನ್ನು ಅವನು ಎರಡು ಕಿಲೋಮೀಟರ್ ದೂರದ ಅಡುಗೆಮನೆಯಿಂದ ಕೇಳಿಸಿಕೊಂಡ.

ಆಮೇಲೆ ಅವನಿಗೆ ವಿಚಾರಣೆ ಮರೆತುಹೋಯಿತು. ಇದನ್ನು ಅವನು ಆ ರಾತ್ರಿ ನಾಚಿಕೆಯಿಂದ ನೆನಪಿಸಿಕೊಳ್ಳಲಿದ್ದ, ಆದರೆ ಆಗ ಮರೆತೇ ಹೋಯಿತು. ಗೇಟಿನ ಕೋಣೆಗೆ ಮತ್ತೆ ಫೋನ್ ಮಾಡಿ ಇನ್ನೊಮ್ಮೆ, ಮತ್ತೂ ಒಮ್ಮೆ ಒತ್ತಿಸಿದ. ಮರಳಿನ ಮೇಲೆ ಮಂಡಿಯೂರಿದ, ಮೀಟರನ್ನು ನೆಲಕ್ಕೆ ಇಳಿಸಿದ, ಏರಿಸಿದ. ಕಾದ ನೆಲದಿಂದ ಶಬ್ದ ಮೇಲಕ್ಕೆ ಬಾಗುತ್ತದೆ, ತಲೆಯ ಮೇಲಿಂದ ಹಾರಿ ಗುಡ್ಡಕ್ಕೆ ಹೋಗುತ್ತದೆ, ದಿಬ್ಬದ ಮೇಲೆ ಉಳಿಯುವುದು ಶಬ್ದದ ನೆರಳು ಮಾತ್ರ. ಇಷ್ಟನ್ನು ಎಂದೋ ತರಬೇತಿಯಲ್ಲಿ ಹೇಳಿದ್ದರು, ಅವನು ಬರೆದುಕೊಂಡೂ ಇದ್ದ. ಆದರೆ ಆ ನೆರಳಿನೊಳಕ್ಕೆ ಬೀಳುವ ಈ ಚೂರುಗಳು? ಎಸರು ಕುದಿಯುವಾಗ ತಳದಲ್ಲಿ ಬಿದ್ದ ಚಮಚ ಹೇಗೆ ಒಂದೊಂದು ಗಳಿಗೆ ಒಂದೊಂದು ಕಡೆ ಕಂಡು ಮಾಯವಾಗುತ್ತದೋ, ಹಾಗೆ. ಬಿಸಿಗಾಳಿಯ ಉಂಡೆಗಳು ಏಳುತ್ತವೆ, ತಂಪಿನವು ಇಳಿಯುತ್ತವೆ, ಸುಳಿಯೊಳಗೆ ಸುಳಿ ತಿರುಗುತ್ತದೆ. ಮೇಲೆ ಹಾರಿಹೋಗುತ್ತಿದ್ದ ಶಬ್ದ ಅವುಗಳಿಗೆ ತಾಗಿ ಚೆದುರಿ ಒಂದಿಷ್ಟು ಕೆಳಗೆ ಉದುರುತ್ತದೆ. ಹಾಗಾದರೆ ಕೇಳಿಸದಂತೆ ಮಾಡಿದ್ದೂ ಈ ಗಾಳಿಯೇ, ಕೇಳಿಸಿದ ಅಷ್ಟನ್ನು ಭಿಕ್ಷೆಯಂತೆ ಹಾಕಿದ್ದೂ ಈ ಗಾಳಿಯೇ. “ಭಾವ, ನೀವು ಇಪ್ಪತ್ತು ಹೆಜ್ಜೆ ಆ ಕಡೆ ಹೋಗಿ ನಿಲ್ಲಿ. ಕೇಳಿಸಿದ ತಕ್ಷಣ ಕೈ ಎತ್ತಿ. ನಾನೂ ಎತ್ತುತ್ತೀನಿ.”

ಇಬ್ಬರು ನಡುವಯಸ್ಸಿನ ಗಂಡಸರು ಉರಿಬಿಸಿಲಿನಲ್ಲಿ ಮರಳಿನ ಮೇಲೆ ನಿಂತು, ಶಾಲೆಯ ಮಕ್ಕಳಂತೆ ಕೈ ಎತ್ತಿದರು, ಇಳಿಸಿದರು. ಇಬ್ಬರ ಕೈ ಒಟ್ಟಿಗೆ ಏಳಲೇ ಇಲ್ಲ. ಭಾವನ ಕೈ ಮೇಲಿದ್ದಾಗ ಅವನ ಕಿವಿಯಲ್ಲಿ ಹೊಳೆ ಮಾತ್ರ ಇತ್ತು. ಅವನ ಕೈ ಎದ್ದಾಗ ಭಾವ, ಸುಳ್ಳು ಹೇಳಬೇಡಿ ಎಂಬಂತೆ, ತಲೆ ಅಲ್ಲಾಡಿಸಿದರು. ಇಪ್ಪತ್ತೇ ಹೆಜ್ಜೆ! ಅಷ್ಟು ಅಂತರದಲ್ಲಿ ನಿಂತ ಇಬ್ಬರು ಒಂದೇ ಸೈರನ್ನಿನ ಮೇಲೆ ಆಣೆಯಿಟ್ಟು ಒಬ್ಬರನ್ನೊಬ್ಬರು ಸುಳ್ಳರೆನ್ನಬಹುದಿತ್ತು, ಇಬ್ಬರೂ ನಿಜ ಹೇಳುತ್ತ. ಅವನು ನಕ್ಕುಬಿಟ್ಟ. ಇಷ್ಟು ಸಂತೋಷ ಎಷ್ಟೋ ವರ್ಷಗಳಿಂದ ಆಗಿರಲಿಲ್ಲ. ಮುಳ್ಳು ಕುಣಿಯುತ್ತಿತ್ತು, ಅವನು ಮೊದಲ ದಿನ ಬರೆದದ್ದು ಸರಿಯಿತ್ತು, ಕೆಂಪು ಗೆರೆಯೇ ತಪ್ಪು! ಮಧ್ಯಾಹ್ನ ಮೂರಕ್ಕೇ ಕೇಳಬೇಕು ಎಂದು ನಿಯಮ ಬರೆದ ಯಾರೋ ಪುಣ್ಯಾತ್ಮನಿಗೆ ಇದು ಗೊತ್ತಿತ್ತು. ಗಾಳಿ ಅತ್ಯಂತ ಕೆಟ್ಟಿರುವ ಹೊತ್ತಿನಲ್ಲಿ ಕೇಳಿಸಿದರೆ ಮಾತ್ರ ಕೇಳಿಸಿದಂತೆ. ಕೇಳಿಸದಿದ್ದರೆ ಎರಡನೆಯ ಸೈರನ್ ಬೇಕು, ಇಲ್ಲೇ, ದಿಬ್ಬದ ಪಕ್ಕದ ಕಂಬದ ಮೇಲೆ. ಒಂದು ಸಾಲು ನಿಜ ಬರೆದಿದ್ದರೆ ಹದಿಮೂರು ವರ್ಷ ಹಿಂದೆಯೇ ಆ ಕಂಬ ಏಳುತ್ತಿತ್ತು. ನಗೆ ಅಲ್ಲಿಗೆ ಬಂದು ನಿಂತಿತು. ಆ ನಿಯಮವನ್ನು ಮುಳ್ಳು ಮಲಗುವ ಹೊತ್ತಿಗೆ ಎತ್ತಿ ಇಟ್ಟವರು ಯಾರು?

ಭಾವ ಕಾಲೆಳೆಯುತ್ತ ಹತ್ತಿರ ಬಂದರು. ಬೆವರು ಒರೆಸಿಕೊಂಡರು. “ಮೊನ್ನೆ ರಾತ್ರಿ ಬಂದಿದ್ದೆ,” ಎಂದರು ಹೊಳೆಯನ್ನು ನೋಡುತ್ತ. “ನೀವು ಮಲಗಿದ್ದಿರಿ.”

“ಹೂಂ.”

“ಒಂದು ಮಾತು ಹೇಳಿ ಹೋಗೋಣ ಅಂತ ಬಂದೆ. ವಿಚಾರಣೆಯಲ್ಲಿ ಆರು ಗಂಟೆ ವಿಷಯ ನಾನು ಎತ್ತಲ್ಲ. ಅದನ್ನೇ ಯೋಚಿಸ್ಕೊಂಡು ನೀವು ನಿದ್ದೆ ಕೆಡಿಸ್ಕೋಬೇಡಿ. ನನಗೇನು, ಇನ್ನೆರಡು ವರ್ಷಕ್ಕೆ ನಿವೃತ್ತಿ. ನೀವು ಸಣ್ಣವರು. ತಂಗಿ ಇದ್ದಾಳೆ.”

ಆ ರಾತ್ರಿ ಅವನು ಮಂಚದ ಮೇಲೆ ಉಸಿರು ಹಿಡಿದು ಬಿದ್ದಿದ್ದಾಗ, ನಿಜ ಹೇಳಿ ನನ್ನನ್ನು ಉಳಿಸಿ ಎಂದು ಬೇಡಲು ಬಂದಿದ್ದಾರೆ ಎಂದುಕೊಂಡಿದ್ದ. ಬೇಡುವವರಿಗೆ ಬಾಗಿಲು ತೆಗೆಯದಿರುವುದಕ್ಕೆ ಒಂದು ಬಗೆಯ ಗಟ್ಟಿತನ ಬೇಕು, ಅದನ್ನಾದರೂ ಅವನು ತನ್ನದೆಂದು ಹೇಳಿಕೊಳ್ಳಬಹುದಿತ್ತು. ಇವರು ಕೊಡಲು ಬಂದಿದ್ದರು. ಮೂರನೆಯ ಬಡಿತಕ್ಕೆ ಮೊದಲು ತಡೆದ ಆ ಕೈ, ನಿದ್ದೆ ಕೆಡಿಸುವುದು ಬೇಡವೆಂದು ತಡೆದದ್ದು. ಅವನು ಮೀಟರಿನ ಸ್ಪಂಜಿನ ಟೋಪಿಯನ್ನು ತೆಗೆದು, ಮರಳು ಕೊಡವಿ, ಮತ್ತೆ ತೊಡಿಸಿ, ಮತ್ತೆ ತೆಗೆದ.

ಶುಕ್ರವಾರ ವಿಚಾರಣೆಯ ಕೋಣೆಯಲ್ಲಿ ಉದ್ದದ ಮೇಜು, ಹಸಿರು ಬಟ್ಟೆ, ನೀರಿನ ಜಗ್ಗು. ಮೇಲಿನ ಕಚೇರಿಯಿಂದ ಬಂದ ಸಾಹೇಬರು ಒಳ್ಳೆಯವರೇ. ಎಲ್ಲರಿಗೂ ಕೂರಲು ಹೇಳಿದರು. ಬಲೆಯವನು ಊರುಗೋಲನ್ನು ಗೋಡೆಗೆ ಒರಗಿಸಿ, ಪ್ಲಾಸ್ಟರ್ ಹಾಕಿದ ಕಾಲನ್ನು ಮುಂದೆ ಚಾಚಿ, ಅದನ್ನು ಎಲ್ಲಿಡುವುದೆಂದು ತಿಳಿಯದ ಸಾಮಾನಿನಂತೆ ನೋಡುತ್ತ ಕೂತಿದ್ದ.

“ಏನಯ್ಯಾ, ನಿನ್ನ ಕಿವಿ ಸರಿ ಇದೆಯಾ?” ಎಂದರು ಸಾಹೇಬರು, ಬೈಗುಳವಲ್ಲದ ದನಿಯಲ್ಲಿ.

“ಮೀನು ನೀರಿನಡಿ ಮಗ್ಗುಲು ಬದಲಾಯಿಸಿದ್ರೆ ಕೇಳಿಸುತ್ತೆ, ಸ್ವಾಮಿ. ಕಾಲು ಕೊಟ್ಟಿದ್ದೀನಿ, ಕಿವಿ ಕೊಟ್ಟಿಲ್ಲ.” ಅವನು ಮೇಜಿನ ಆ ಬದಿಗೆ ಕೈ ತೋರಿಸಿದ. “ಬೇಕಾದ್ರೆ ಕಿವಿಯಣ್ಣನ್ನೇ ಕೇಳಿ. ತಿಂಗಳಿಗೊಂದು ಸಲ ನಾವಿಬ್ರೂ ಅಲ್ಲೇ ಇರ್ತೀವಿ. ಆಗೆಲ್ಲ ಎಷ್ಟು ಚೆನ್ನಾಗಿ ಕೇಳಿಸುತ್ತೆ! ಅದನ್ನೇ ನಂಬಿ ಅವತ್ತೂ ಬಲೆ ಬಿಡಿಸ್ತಾ ಕೂತಿದ್ದೆ. ಬಂದ್ರೆ ಕೇಳಿಸುತ್ತಲ್ಲ, ಅಂತ.”

ಸಾಹೇಬರು ಅದನ್ನು ದಾಟಿ ಮುಂದೆ ಹೋದರು. ಅವನು ದಾಟಲಾರದೆ ಅಲ್ಲೇ ಉಳಿದ. ಅದನ್ನೇ ನಂಬಿ.

ಅವನ ಸರದಿ ಬಂದಾಗ ಗುರುವಾರದ ಮೂರು ಹಾಳೆಗಳನ್ನು ಮೇಜಿನ ಮೇಲಿಟ್ಟು ವಿವರಿಸಿದ. ಕಾದ ಮರಳು, ಮೇಲಕ್ಕೆ ಬಾಗುವ ಶಬ್ದ, ಗಾಳಿಯ ಸುಳಿಗಳು, ಇಪ್ಪತ್ತು ಹೆಜ್ಜೆ, ಎತ್ತಿದ ಕೈಗಳು. ಸೈರನ್ ಕೂಗಿದ್ದು ನಿಜ, ಇವರಿಗೆ ಕೇಳಿಸದೆ ಇದ್ದದ್ದೂ ನಿಜ. ಹೇಳುತ್ತ ಹೇಳುತ್ತ ಅವನ ಕೈಗಳು ತಾವಾಗಿಯೇ ಗಾಳಿಯಲ್ಲಿ ಉಂಡೆ ಕಟ್ಟಿ ತೋರಿಸಿದವು. ಸಾಹೇಬರು ಮುಂದಕ್ಕೆ ಬಾಗಿ ಕೇಳಿದರು. ಅವರ ಮುಖ ಅರಳಿತು. ಒಂದು ಗಂಟು ಬಿಚ್ಚಿದವನ ಖುಷಿಯೂ ಇತ್ತು, ಮಧ್ಯಾಹ್ನದ ಬಸ್ಸಿಗೆ ಹೊರಡಬಹುದಾದವನ ಖುಷಿಯೂ ಇತ್ತು.

“ಭಲೇ! ಹಾಗಾದ್ರೆ ಇವರೂ ಸುಳ್ಳಲ್ಲ, ಅವನೂ ಸುಳ್ಳಲ್ಲ. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ.” ಅವರು ಒಂದು ನಮೂನೆಯನ್ನು ಅವನ ಕಡೆ ಜಾರಿಸಿದರು. “ತಾಂತ್ರಿಕ ವರದಿ ನಿಮ್ಮದೇ. ಕೊನೇ ಚೌಕ ಒಂದು ತುಂಬಿಬಿಡಿ. ಲೋಪಕ್ಕೆ ಕಾರಣರಾದವರ ಹೆಸರು. ಗಾಳಿ ಅಂತ ಬರೀರಿ. ಗಾಳಿಗೆ ನೋಟಿಸು ಕೊಡೋಕಾಗುತ್ತಾ?”

ಎಲ್ಲರೂ ನಕ್ಕರು. ಭಾವ ಕೂಡ ಈ ಸಲ ನಕ್ಕರು, ಹನ್ನೆರಡು ದಿನಗಳಲ್ಲಿ ಮೊದಲ ಬಾರಿಗೆ, ಕಣ್ಣಂಚು ಒದ್ದೆಯಾಗುವಷ್ಟು. ಅವನು ಪೆನ್ನು ತೆಗೆದ. ಗಾಳಿ. ಎರಡೇ ಅಕ್ಷರ. ಮೊನ್ನೆ ರಾತ್ರಿ ಹೆಂಡತಿಗೆ ಹೇಳಿದ ಅದೇ ಎರಡು ಅಕ್ಷರ; ಆಗಲೂ ಅದು ಎಷ್ಟು ಸಲೀಸಾಗಿ ನಾಲಿಗೆಗೆ ಬಂದಿತ್ತು. ಅದನ್ನು ಬರೆದರೆ ಭಾವ ನಾಳೆ ಕೆಲಸಕ್ಕೆ ಹೋಗುತ್ತಾರೆ, ಬಲೆಯವನ ಪರವಾನಗಿ ಉಳಿಯುತ್ತದೆ, ನೀಲಿ ರಟ್ಟಿನ ಪುಸ್ತಕವನ್ನು ಯಾರೂ ತೆರೆಯುವುದಿಲ್ಲ. ಬರುವ ಸೋಮವಾರ ಬೆಳಗ್ಗೆ ಆರಕ್ಕೆ ಸೈರನ್ ಕೂಗುತ್ತದೆ. ಎಪ್ಪತ್ತನಾಲ್ಕು. ಕಂಬ ಏಳುವುದಿಲ್ಲ. ದಿಬ್ಬದ ಮೇಲೆ ಯಾರೋ ಅದನ್ನು ಕೇಳಿ, ಚೆನ್ನಾಗಿ ಕೇಳಿಸುತ್ತಲ್ಲ ಎಂದು ನಂಬಿ, ಒಂದು ಮಧ್ಯಾಹ್ನ ಬಲೆ ಬಿಡಿಸುತ್ತ ಕೂರುತ್ತಾರೆ. ಗಾಳಿ ಯಾರಿಗೂ ಏನನ್ನೂ ನಂಬು ಎಂದು ಹೇಳಿರಲಿಲ್ಲ. ಗಾಳಿ ಮೂರು ಗಂಟೆಗೆ ಮೂರು ಗಂಟೆಯ ಹಾಗೆಯೇ ಇತ್ತು.

ಚೌಕ ಚಿಕ್ಕದಿತ್ತು. ಅವನು ಬರೆದ. ಬರೆದು, ಚೀಲದಿಂದ ನೀಲಿ ಪುಸ್ತಕವನ್ನು ತೆಗೆದು, ಮೊದಲ ಪುಟವನ್ನು ಬಿಚ್ಚಿ, ಕೆಂಪು ಗೆರೆ ಮೇಲಾಗಿ ಕಾಣುವಂತೆ ನಮೂನೆಯ ಪಕ್ಕದಲ್ಲಿಟ್ಟ. ಸಾಹೇಬರು ಕನ್ನಡಕ ಹುಡುಕಿಕೊಂಡು ಓದಿದರು. ಅವರ ನಗೆ ಕೂಡಲೇ ಹೋಗಲಿಲ್ಲ, ಸ್ವಲ್ಪ ಸ್ವಲ್ಪವಾಗಿ, ಬಿಟ್ಟುಬಿಟ್ಟು ಹೋಯಿತು. “ಇದೇನ್ರೀ ಇದು,” ಎಂದರು ಮೆಲ್ಲಗೆ. ಭಾವ ಕುರ್ಚಿಯಿಂದ ಅರ್ಧ ಎದ್ದು, ಬೇಡ ಎಂಬಂತೆ ಕೈ ಎತ್ತಿದರು. ನಿನ್ನೆ ದಿಬ್ಬದಲ್ಲಿ ಎತ್ತಿದ ಅದೇ ಕೈ. ಕೋಣೆಯಲ್ಲಿ ಫ್ಯಾನಿನ ಸದ್ದೊಂದೇ ಇತ್ತು, ಅದನ್ನು ಅವನು ಅಳೆಯಲಿಲ್ಲ.

“ಯಾರ ಹೆಸರು ಬರೆದ್ರಿ?” ಗೋಡೆಯ ಕಡೆಯಿಂದ ಬಲೆಯವನು ಕೇಳಿದ. ಊರುಗೋಲಿಗೆ ಕೈ ಹಾಕಿ, ಏಳಲಾರದೆ, ಕತ್ತು ಮಾತ್ರ ಮುಂದೆ ಚಾಚಿದ. “ನಂಗೆ ಓದೋಕೆ ಬರಲ್ಲ. ಗಟ್ಟಿಯಾಗಿ ಹೇಳಿ.”

ಕಾಗದದಲ್ಲಿದ್ದದ್ದು ಕಚೇರಿಯಲ್ಲಿ ಅವನಿಗಿದ್ದ ಹೆಸರು, ಅದು ಬಲೆಯವನಿಗೆ ಗೊತ್ತಿರಲಾರದು. ಅವನು ಎದ್ದು ನಿಂತು, ಇಡೀ ಕೋಣೆಗೆ ಕೇಳಿಸುವಂತೆ, ಬಲೆಯವನಿಗೆ ಗೊತ್ತಿದ್ದ ಹೆಸರನ್ನೇ ಹೇಳಿದ.

“ಕಿವಿಯಣ್ಣ.”